ರಿಜೆಕ್ಟ್ ಮಾಲು

"ಕೋಲು ಇಲ್ಲೇ ಕೊಡ್ತೀವಲ್ರಿ ಕಾಕಾ,
ಮನಿಯಿಂದ ಯಾಕ ಹೊತ್ಕೊಂಡ ಬಂದ್ರಿ?"
ಕೌಂಟರಿನ ಹುಡುಗ ನನ್ನ ಚೀಲ ನೋಡಿದ.
ಹಳೇ ಛತ್ರಿ ಬಟ್ಟಿ, ಪದ್ದವ್ವ ಹೊಲಿದದ್ದು.
ಒಳಗ ಮೂರು ಕೋಲು, ಒಂದಕ್ಕೊಂದು ತಾಕದಂಗ
ಧೋತರದ ತುಂಡಿನ್ಯಾಗ ಸುತ್ತಿದ್ದು.

ಏನಂತ ಹೇಳಲಿ ಅವಂಗ.
ಉದ್ಯಮಬಾಗದಾಗ ಇಪ್ಪತ್ತಾರು ವರ್ಷ:
ಮೇಣದ ಅಚ್ಚು, ಅದರ ಮ್ಯಾಲ ಮಣ್ಣಿನ ಪದರು,
ಮೇಣ ಕರಗಿ ಹೋದ ಜಾಗಾಕ್ಕ ಕಾದ ಉಕ್ಕು.
ಪಂಪಿನ ಸಾಮಾನು, ವಾಲ್ವು, ಲಾರಿಯ ಕೊಂಡಿ.
ಒಂದ ವರ್ಷ ಮಾತ್ರ, ಹಡಗು ಹತ್ತಿ ಹೋಗೂ ಆರ್ಡರು:
ಅಂಗೈ ಅಗಲದ ಉಕ್ಕಿನ ಮೂತಿ,
ಸೌಟಿನಂಗ ವಾರಿ, ಮುಖದ ತುಂಬ ಗೆರಿ.
ಬಾವಡೇಕರ ಅಂದ, ಇದು ಕಳೆ ತಗ್ಯೂದು,
ದೊಡ್ಡ ದೇಶದಾಗ ಬಗ್ಗಿ ಕಳೆ ತಗ್ಯೂದಿಲ್ಲ ಯಾರೂ.
ನಾನೂ ಒಪ್ಪಿದೆ.

ಒಳಗ ಗಾಳಿಗುಳ್ಳಿ ಹಿಡಿದ ಪೀಸು ರಿಜೆಕ್ಟ್.
ಕೆಂಪು ಡಬ್ಬಿಗೆ, ಮತ್ತ ಕುಲುಮಿಗೆ.
ಮೂರು ಪೀಸು ಮಾತ್ರ ಮೇಸ್ತ್ರಿನ್ನ ಕೇಳಿ
ತೂಕ ಹಾಕಿಸಿ, ಗುಜರಿ ರೇಟು ಕೊಟ್ಟು ತಂದೆ.
ಚೀಟಿ ಇನ್ನೂ ಐತಿ. ಕಳವಿನ ಮಾಲಲ್ಲ.
ಪೈಪಿನ ದಂಡಿ, ಸೈಕಲ್ ಟ್ಯೂಬಿನ ಹಿಡಿಕಿ.
ಖಂಡೇನವಮಿ ಬಂತಂದ್ರ
ಪಾನಾ, ಸುತ್ತಿಗಿ, ಕ್ಯಾಲಿಪರಿನ ಬಾಜೂಕ
ಇವಕ್ಕೂ ಕುಂಕುಮ, ಚೆಂಡು ಹೂ, ಅರ್ಧ ಲಿಂಬಿಹಣ್ಣು.
ಕೆಲಸಕ್ಕ ಮಾತ್ರ ಹಚ್ಚಿರಲಿಲ್ಲ ಎಂದೂ.

ಈಗ ಹೈವೇ ದಂಡಿಗೆ ಇದು ಬಂದೈತಿ:
ಮುಗಿಲಿಗೆ ಕಟ್ಟಿದ ಬಲಿ, ಬಣ್ಣದ ದೀಪ, ಕಿವಿ ತುಂಬ ಹಾಡು.
ಒಬ್ಬ ಚೆಂಡು ಹೊಡದ್ರ ನಾಕ ಮಂದಿ
ಸೋಫಾದಾಗ ಕುಂತು ಬಟಾಟಿ ಕರಿದದ್ದು ತಿಂತಾರ.
ತಾಸಿಗೆ ಆರನೂರು.
ರೇಟು ಕೇಳಿ ಪದ್ದವ್ವ ಸೆರಗು ಬಾಯಿಗೆ ಒತ್ತಿದ್ಲು.

"ಸ್ಕ್ರೀನಿಗೆ ಹೆಸರು ಹೇಳ್ರಿ."
"ಜಿನ್ನಪ್ಪ ಆದಪ್ಪ ಚೌಗಲಾ."
ಜಾಗ ಸಾಲಲಿಲ್ಲ. ಮ್ಯಾಲ ಮೂಡಿತು: ಜಿನ್ನು.
"ಯಾವ ಕಂಪನೀವ್ರಿ ಇವು?"
"ಉದ್ಯಮಬಾಗ."
"ಇದೇನ್ರಿ ಕೆಂಪು, ತುಕ್ಕು?"
"ನಿನ್ನೀ ಪೂಜಿಯ ಕುಂಕುಮ."
ಅವ ಬೆರಳು ಹಿಂದಕ್ಕ ಜಗ್ಗಿದ. ಆಮ್ಯಾಲ, ಯಾರೂ ನೋಡದಂಗ,
ಕಣ್ಣಿಗೆ ಒತ್ತಿಕೊಂಡ.
"ಸ್ವಂತ ಕೋಲು ಮುರದು ಹಾರಿದ್ರ ಜವಾಬ್ದಾರಿ ನಿಮ್ದು,
ಇಲ್ಲೊಂದು ಸಹಿ."
ಸಹಿ ಹಾಕಿದೆ.
ಇಪ್ಪತ್ತಾರು ವರ್ಷ ನಾ ಹೊಯ್ದ ಎರಕಕ್ಕ
ಯಾರೂ ನನ್ನ ಸಹಿ ಕೇಳಿರಲಿಲ್ಲ.

ಮೊದಲನೇದು ಗಾಳಿಗೆ ಬಡೀತು.
ಎರಡನೇದು ಹಾಸಿಗೆ, ಮೊಣಕೈ ಜುಮ್ಮಂತು.
ಮೂರನೇದು ಕಾಲ ಬುಡದಾಗ ಹೊಳ್ಳಿ ನನ್ನ ನೋಡ್ತು.
ಅಷ್ಟರಾಗ ಪದ್ದವ್ವ ಅವರದ ಒಂದು ಕೋಲು ತಗೊಂಡು,
ಗುಲಾಬಿ ಹಿಡಿಕಿಯದು, ಸೆರಗು ಸಿಗಿಸಿ
ಕೌದಿ ಝಾಡಿಸೂ ಹಂಗ ಒಮ್ಮೆ ಬೀಸಿದ್ಲು.
ತೊಂಬತ್ತೊಂದು ಮೀಟರು.
ಸ್ಕ್ರೀನಿನ್ಯಾಗ ಆನಿ ಸೊಂಡಿ ಎತ್ತಿ ಕೂಗ್ತು.
ಹೆಸರು ಮಾತ್ರ ಜಿನ್ನು ಅಂತನ ಇತ್ತು.

ಎಂಟನೇ ಸಲ ನಂದೂ ತಾಕಿತು.
ಗಟ್ಟಿ ಪೀಸು ಟಣ್ ಅಂತೈತಿ. ಇದು ಟಪ್ ಅಂತು.
ಮಡಕಿ ಸೀಳಿದ್ರ ಬರೂವಂಥಾ ಸಪ್ಪಳ,
ಹಾಡು, ಆನಿ, ಹುಡುಗರ ಕೇಕಿ ದಾಟಿ
ನನಗೊಬ್ಬಂಗ ಕೇಳುವಷ್ಟು.
ನಾಕತ್ನಾಕು ಮೀಟರು.
ಗುಳ್ಳಿ ಅಲ್ಲೇ ಐತಿ, ಹಿಮ್ಮಡದ ಸನೇಕ.
ರಿಜೆಕ್ಟ್ ಮಾಡಿದವ ಖರೇನ ಮಾಡಿದ್ದ.
ಅವನ ಮ್ಯಾಲ ಹದಿನಾಲ್ಕು ವರ್ಷ ಇಟ್ಟುಕೊಂಡ ಸಿಟ್ಟು
ಎಲ್ಲಿ ಹೋತೋ. ಹಗುರಾತು.

ಐದು ರೂಪಾಯಿ ನಾಣ್ಯಲೆ
ಪದ್ದವ್ವನ ಗುಲಾಬಿ ಕೋಲಿನ ತಲಿ ತಟ್ಟಿ ನೋಡಿದೆ.
ಟಣ್.
ಯಾವ ಊರಾಗ ಹೊಯ್ದರೋ, ಪುಣ್ಯಾತ್ಮರು,
ಎಷ್ಟು ಸಾವಕಾಶ ಆರಿಸ್ಯಾರ.

ಬಲಿಯಾಚೆ ಬಿಳಿ ಚೆಂಡು ಸಾವಿರ ಬಿದ್ದಾವು.
ಅದರಾಗ ಒಂದಕ್ಕ ಕುಂಕುಮದ ಬೊಟ್ಟು ಹತ್ತೈತಿ;
ನಾಳೆ ಗಾಡಿ ಬಂದು ಬಳಕೊಂಡು ಹೋಗತೈತಿ,
ಯಾರ ಕಾಲ ಮುಂದ ಬಂದು ಕೂಡತೈತೋ.

"ಇನ್ನ ಹತ್ತು ಮಿಂಟ ಐತಿ," ಅಂದ್ಲು ಪದ್ದವ್ವ,
"ನೂರು ರೂಪಾಯಿ ಆಕ್ಕೈತಿ ಅದು.
ಸರೀರಿ ಅತ್ಲಾಗ."